ಲೆಕ್ಕಾನೋ, ಕುಣಿತಾನೋ?

(ಹುಲಿಹೈದರದ ಶಾಲಾ ಸ್ನೇಹ ಸಮ್ಮೇಳನದಲ್ಲಿ ಆಡಿದ ಮಾತು)



ಬರುವಾಗ ಒಂದು ಭಾಷಣ ಬರೆದುಕೊಂಡೇ ಬಂದಿದ್ದೆ. ಪರೀಕ್ಷೆ, ಶಿಸ್ತು, ಮೊಬೈಲ್ ಬಿಡಿ, ಪುಸ್ತಕ ಹಿಡಿರಿ, ಇಂಥದ್ದೇ. ಆ ಹಾಳೆ ಜೇಬಿನಲ್ಲೇ ಇರಲಿ. ಯಾಕೆಂದರೆ ಗೇಟಿನ ಹತ್ತಿರ ಕಾರು ಇಳಿಯುತ್ತಿದ್ದ ಹಾಗೆ ಒಬ್ಬರು ಬಂದು ನನ್ನ ಕೈ ಹಿಡಿದುಕೊಂಡರು. ಹೊಲದಿಂದ ನೇರ ಬಂದಿದ್ದರು ಅಂತ ಕಾಣುತ್ತೆ, ಕಾಲಲ್ಲಿ ಇನ್ನೂ ಎರೆಮಣ್ಣು ಇತ್ತು. ಅವರು ಹೇಳಿದ್ದು ಇಷ್ಟು:

"ಸರ, ನನ್ನ ಮಗಳು ಒಂಬತ್ತನೇತ್ತಾ ಅದಾಳ್ರಿ. ಲೆಕ್ಕದಾಗ ಭಾಳ ಶಾಣ್ಯಾಕಿ. ಆದ್ರ ಕುಣ್ಯಾದಂದ್ರ ಹುಚ್ಚು. ಮೊಬೈಲ್‌ನ್ಯಾಗ ಭರತನಾಟ್ಯ ನೋಡಿ ನೋಡಿ ಮಾಡ್ತಾಳ. ಎರಡ್ರಾಗ ಒಂದ್ ಹಿಡಿ ಅಂದ್ರ ಕೇಳವಲ್ಲಳ್ರಿ. ನೀವು ಟಿವಿಯವ್ರು, ದಿನಾ ರಾತ್ರಿ ಎಲ್ಲಾರಿಗೂ ತೀರ್ಮಾನ ಹೇಳ್ತೀರಿ. ಇದಕ್ಕೊಂದು ತೀರ್ಮಾನ ಹೇಳಿಬಿಡ್ರಿ. ಲೆಕ್ಕಾನೋ, ಕುಣಿತಾನೋ?"

ನಾನು ನಕ್ಕು ಮುಂದೆ ಬಂದುಬಿಟ್ಟೆ. ಕುರ್ಚಿ ಮೇಲೆ ಕೂತ ಮೇಲೆ ನಾಚಿಕೆಯಾಯಿತು. ಅವರು ತಮಾಷೆಗೆ ಕೇಳಿದ್ದಲ್ಲ. ಮಗಳ ಬದುಕಿನ ಪ್ರಶ್ನೆ ಕೇಳಿದ್ದರು. ಇವತ್ತಿನ ಮಾತು ಪೂರ್ತಿ ಆ ಅಣ್ಣನಿಗೆ ಕೊಡುವ ಉತ್ತರ. ನೀವೆಲ್ಲ ಸಾಕ್ಷಿ.

ಅದಕ್ಕೂ ಮೊದಲು ನನ್ನದೊಂದು ತಪ್ಪೊಪ್ಪಿಗೆ ಇದೆ.

ಹುಲಿಹೈದರ ಎಂಬ ಹೆಸರನ್ನು ನಾನು ಕ್ಯಾಮೆರಾ ಮುಂದೆ ಮೊದಲ ಸಲ ಉಚ್ಚರಿಸಿದ್ದು 2022ರ ಆಗಸ್ಟ್‌ನಲ್ಲಿ. ಯಾಕೆ ಅಂತ ನಿಮಗೆ ಗೊತ್ತು. ಗುಂಪು ಘರ್ಷಣೆ ಆಯಿತು, ಇಬ್ಬರು ಜೀವ ಕಳೆದುಕೊಂಡರು, ನಿಷೇಧಾಜ್ಞೆ ಬಂತು. ನಾವು 'ಬ್ರೇಕಿಂಗ್' ಅಂತ ಕೆಂಪು ಪಟ್ಟಿ ಓಡಿಸಿದೆವು. ನಾಲ್ಕು ದಿನ ಆದ ಮೇಲೆ ಬೇರೆ ಊರಿನ ಬೇರೆ ಬೆಂಕಿ ಹುಡುಕಿಕೊಂಡು ಹೋದೆವು. ಅದಕ್ಕೂ ಮುಂಚೆ ಈ ಊರಲ್ಲಿ ಮಕ್ಕಳು ಓದುತ್ತಿರಲಿಲ್ಲವೇ? ಮೊಹರಂನಲ್ಲಿ ಅಲಾಯಿ ದೇವರ ಮುಂದೆ ಆ ಜಾತಿ ಈ ಧರ್ಮ ಅನ್ನದೆ ಹೆಜ್ಜೆ ಹಾಕುವ ಸೀಮೆ ನಮ್ಮದು. ಅದು ನಮಗೆ ಸುದ್ದಿ ಅನ್ನಿಸಲೇ ಇಲ್ಲ. ಜಗಳ ಮಾತ್ರ ಸುದ್ದಿ ಅನ್ನಿಸಿತು. ಇವತ್ತು ಈ ಊರಲ್ಲಿ ಒಬ್ಬ ಅಪ್ಪ ಮಗಳ ಗಣಿತ ಮತ್ತು ನೃತ್ಯದ ಬಗ್ಗೆ ಕೇಳಿದ್ದಾನೆ. ನನ್ನ ಲೆಕ್ಕದಲ್ಲಿ ಇದು ದೊಡ್ಡ ಸುದ್ದಿ.

ಈಗ ಪ್ರಶ್ನೆಗೆ ಬರೋಣ. ಅಣ್ಣ, ನೀವು ಕೇಳಿದ ಧಾಟಿ ಇದೆಯಲ್ಲ, 'ಇದೋ, ಅದೋ' ಅನ್ನೋದು, ಅದನ್ನು ನಿಮಗೆ ಕಲಿಸಿದವರಲ್ಲಿ ನಾನೂ ಒಬ್ಬ. ನನ್ನ ಕಸುಬೇ ಅದು. ಪರದೆಯನ್ನು ಎರಡು ಕಿಟಕಿ ಮಾಡುವುದು, ಎಡಕ್ಕೆ ಒಬ್ಬರನ್ನು, ಬಲಕ್ಕೆ ಒಬ್ಬರನ್ನು ಕೂರಿಸುವುದು, ನಡುವೆ ಗೆರೆ ಎಳೆದು ಕೂಗಾಡಿಸುವುದು. ಗೆರೆ ಇಲ್ಲದಿದ್ದರೆ ನಮಗೆ ಕಾರ್ಯಕ್ರಮವೇ ಇಲ್ಲ. ಆದರೆ ಗಣಿತ ಮತ್ತು ನೃತ್ಯದ ನಡುವೆ ನೀವು ಎಳೆದಿರುವ ಗೆರೆ ಈ ಮಣ್ಣಿನಲ್ಲಿ ಇರಲೇ ಇಲ್ಲ. ಇದು ನನ್ನ ಅಭಿಪ್ರಾಯ ಅಲ್ಲ. ದಾಖಲೆ ಕೊಡುತ್ತೇನೆ.

ಒಂಬತ್ತನೇ ಶತಮಾನಕ್ಕೆ ಹೋಗೋಣ. ಮಾನ್ಯಖೇಟ, ಅಂದರೆ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗ ಅಲ್ಲಿನ ದೊರೆ. ಅವನ ಆಸ್ಥಾನದಲ್ಲೇ ಹುಟ್ಟಿದ್ದು 'ಕವಿರಾಜಮಾರ್ಗ'. ತಿರುಳ್ಗನ್ನಡದ ನಾಡು ಯಾವುದು ಅಂತ ಹೇಳುವಾಗ ಆ ಕೃತಿ ನಾಲ್ಕು ಊರು ಹೆಸರಿಸುತ್ತೆ. ಅದರಲ್ಲಿ ಒಂದು ಕೊಪಣ, ಅಂದರೆ ನಮ್ಮ ಕೊಪ್ಪಳ. ಇದು ನಮ್ಮ ಮೇಷ್ಟ್ರುಗಳು ಹೇಳಿಕೊಟ್ಟದ್ದೇ. ಅದೇ ದೊರೆಯ ಆಶ್ರಯದಲ್ಲಿ ಇನ್ನೊಬ್ಬ ಮಹಾನುಭಾವ ಇದ್ದ, ಮಹಾವೀರಾಚಾರ್ಯ. ಅವನು ಗಣಿತಜ್ಞ. ಸುಮಾರು 850ರಲ್ಲಿ 'ಗಣಿತಸಾರಸಂಗ್ರಹ' ಎಂಬ ಗ್ರಂಥ ಬರೆದ. ಸೂತ್ರಕ್ಕೆ ಹೋಗುವ ಮೊದಲೇ ಅವನು ಒಂದು ಪಟ್ಟಿ ಕೊಡುತ್ತಾನೆ: ಗಣಿತ ಎಲ್ಲೆಲ್ಲಿ ಬೇಕು ಅಂತ. ಗ್ರಹಗಳ ಲೆಕ್ಕಕ್ಕೆ ಬೇಕು, ವ್ಯಾಪಾರಕ್ಕೆ ಬೇಕು, ಅದು ಎಲ್ಲರಿಗೂ ಗೊತ್ತು. ಅವನು ಅಲ್ಲಿಗೆ ನಿಲ್ಲಲ್ಲ. ವೈದ್ಯಕ್ಕೆ ಬೇಕು, ಮನೆ ಕಟ್ಟೋದಕ್ಕೆ ಬೇಕು, ಅಡುಗೆಗೆ ಬೇಕು, ಛಂದಸ್ಸಿಗೆ ಬೇಕು, ಸಂಗೀತಕ್ಕೆ ಬೇಕು, ನಾಟಕಕ್ಕೆ ಬೇಕು ಅನ್ನುತ್ತಾನೆ. ಆ ಕಾಲದ ನಾಟಕ ಅಂದರೆ ಮಾತು, ಹಾಡು, ಕುಣಿತ ಎಲ್ಲ ಸೇರಿದ್ದು. ಸಾವಿರದ ನೂರೈವತ್ತಕ್ಕೂ ಹೆಚ್ಚು ವರ್ಷದ ಹಿಂದೆ ನಮ್ಮ ಸೀಮೆಯ ಗಣಿತದ ಮೇಷ್ಟ್ರು 'ಇದು ಅದಕ್ಕೆ ಬೇಕು' ಅಂದಿದ್ದ. ನಾವು ಇವತ್ತು 'ಇದೋ, ಅದೋ' ಅನ್ನುತ್ತಿದ್ದೇವೆ.

ಅದೇ ಪುಸ್ತಕದಲ್ಲಿ ಅವನು ರುಚಿಗಳ ಲೆಕ್ಕ ಕೇಳುತ್ತಾನೆ. ಸಿಹಿ, ಹುಳಿ, ಉಪ್ಪು, ಕಾರ, ಕಹಿ, ಒಗರು ಹೀಗೆ ಆರು ರುಚಿ. ಒಂದೊಂದನ್ನೇ, ಎರಡೆರಡನ್ನು, ಮೂರು ಮೂರನ್ನು ಹೀಗೆ ಬೆರೆಸುತ್ತಾ ಹೋದರೆ ಒಟ್ಟು ಎಷ್ಟು ರುಚಿ? ಉತ್ತರ 63. ಪಿಯುಸಿಗೆ ಹೋದಾಗ ಇದನ್ನೇ 'ವಿಕಲ್ಪಗಳು' ಎಂಬ ಪಾಠದಲ್ಲಿ ಓದುತ್ತೀರಿ. ಅದರ ಸಾಮಾನ್ಯ ಸೂತ್ರ ಮಹಾವೀರನಲ್ಲಿ ಇದೆ. ಈಗ ಆ ಹುಡುಗಿಯ ಭರತನಾಟ್ಯಕ್ಕೆ ಬನ್ನಿ. 'ಅಭಿನಯದರ್ಪಣ' ಎಂಬ ಗ್ರಂಥದಲ್ಲಿ ಒಂದು ಕೈಯಲ್ಲಿ ತೋರಿಸುವ ಹಸ್ತಗಳು 28. ಪತಾಕ, ತ್ರಿಪತಾಕ, ಅರ್ಧಪತಾಕ ಅಂತ ಶುರುವಾಗುತ್ತೆ. ಅದರಲ್ಲಿ ಬೇರೆ ಬೇರೆ ಎರಡು ಹಸ್ತ ಆರಿಸಿ ಜೋಡಿ ಮಾಡಬೇಕು ಅಂದರೆ ಎಷ್ಟು ಜೋಡಿ ಆಗುತ್ತೆ? 28 ಗುಣಿಸು 27, ಭಾಗಿಸು 2. 378. ಎಡಗೈಯಲ್ಲಿ ಯಾವುದು, ಬಲಗೈಯಲ್ಲಿ ಯಾವುದು ಅಂತಲೂ ಲೆಕ್ಕ ಹಿಡಿದರೆ ಅದರ ಎರಡರಷ್ಟು. ರುಚಿಗೆ ಹಾಕಿದ ಸೂತ್ರವೇ ಕೈಬೆರಳಿಗೂ ಸಾಲುತ್ತೆ.

"ಸರ್, ಇದೆಲ್ಲ ಪುಸ್ತಕದ ಮಾತಾಯಿತು" ಅಂತೀರಾ? ಸರಿ, ಕೈಯಿಂದಲೇ ಮಾಡಿ ನೋಡೋಣ. ಒಂಬತ್ತನೇ ತರಗತಿಯವರು ಸ್ವಲ್ಪ ಮುಂದೆ ಬನ್ನಿ.

ಆದಿತಾಳ ಅಂದರೆ ಎಂಟು ಅಕ್ಷರ. ಎರಡು ಸುತ್ತು ಹಾಕಿದರೆ ಹದಿನಾರು. ಹದಿನಾರು ಮುಗಿದ ತಕ್ಷಣ ಮುಂದಿನ ಸುತ್ತಿನ ಮೊದಲ ಪೆಟ್ಟು ಬರುತ್ತಲ್ಲ, ಅದಕ್ಕೆ ಸಮ ಅಂತಾರೆ. ನರ್ತಕಿ ಏನು ಮಾಡುತ್ತಾಳೆ ಅಂದರೆ ಒಂದು ಬೋಲನ್ನು ಮೂರು ಸಲ ಹೇಳಿ, ಮೂರು ಸಲವೂ ಅದನ್ನು ಕಾಲಲ್ಲಿ ತುಳಿದು, ನಡುವೆ ಎರಡು ಕಡೆ ಸಮಸಮ ಬಿಡುವು ಕೊಟ್ಟು, ಸರಿಯಾಗಿ ಸಮಕ್ಕೆ ಬಂದು ನಿಲ್ಲುತ್ತಾಳೆ. ಹೀಗೆ ಮೂರು ಸಲ ಹೇಳಿ ಮುಗಿಸುವ ಜಾಗಕ್ಕೆ ಭರತನಾಟ್ಯದವರು ಏನಂತಾರೆ ಗೊತ್ತಾ ಅಣ್ಣ? ತೀರ್ಮಾನ ಅಂತಾರೆ! ನೀವು ನನ್ನ ಹತ್ತಿರ ಕೇಳಿದ್ದು ಅದನ್ನೇ.

ಈಗ ಲೆಕ್ಕ. ಬೋಲಿನ ಉದ್ದ ಕ ಅಂತ ಇಟ್ಟುಕೊಳ್ಳಿ. ಬಿಡುವಿನ ಉದ್ದ ಖ. ಮೂರು ಬೋಲು, ಎರಡು ಬಿಡುವು ಸೇರಿ ಹದಿನಾರು. ಅಂದರೆ 3ಕ + 2ಖ = 16. ಮಕ್ಕಳೇ, ಇದು ನಿಮ್ಮ ಪುಸ್ತಕದಲ್ಲಿ ಇರುವ ಎರಡು ಚರಾಕ್ಷರಗಳ ಸಮೀಕರಣ, ಹೌದೋ ಅಲ್ಲವೋ? ಬೋಲು ನಾಲ್ಕಕ್ಷರದ್ದಾದರೆ? ಮೂರು ನಾಲ್ಕಲ ಹನ್ನೆರಡು, ಉಳಿದದ್ದು ನಾಲ್ಕು, ಬಿಡುವು ಎರಡೆರಡು. ಸರಿ ಹೋಯಿತು. ಬೋಲು ಎರಡಕ್ಷರದ್ದಾದರೆ? ಆರು, ಉಳಿದದ್ದು ಹತ್ತು, ಬಿಡುವು ಐದೈದು. ಇದೂ ಸರಿ. ಬೋಲು ಮೂರಾದರೆ? ಒಂಬತ್ತು, ಉಳಿದದ್ದು ಏಳು. ಏಳನ್ನು ಎರಡು ಸಮ ಭಾಗ ಮಾಡಿದರೆ ಮೂರೂವರೆ. ಪೂರ್ಣಾಂಕ ಬರಲಿಲ್ಲ. ಐದಾದರೆ? ಹದಿನೈದು, ಉಳಿದದ್ದು ಒಂದು, ಬಿಡುವು ಅರ್ಧರ್ಧ. ಯಾಕೆ ಹೀಗೆ? ಹದಿನಾರು ಸಮ ಸಂಖ್ಯೆ, 2ಖ ಸಮ ಸಂಖ್ಯೆ, ಹಾಗಾದರೆ 3ಕ ಕೂಡ ಸಮ ಆಗಲೇಬೇಕು, ಅಂದರೆ ಕ ಸಮ ಆಗಬೇಕು. ಈ ಮಾತನ್ನು ಗಣಿತದಲ್ಲಿ ಸಾಧನೆ ಅಂತಾರೆ. ನರ್ತಕಿ ಇದನ್ನು ಬರೆಯಲ್ಲ. ಆದರೆ ಐದಕ್ಷರದ ಬೋಲು ತಗೊಂಡಾಗ ನಡುವೆ ಅರ್ಧ ಅಕ್ಷರ ಉಸಿರು ಹಿಡಿಯಬೇಕು ಅಂತ ಅವಳ ಪಾದಕ್ಕೆ ಗೊತ್ತು. ಕಾಗದದ ಮೇಲೆ ಲೆಕ್ಕ ತಪ್ಪಿದರೆ ಮೇಷ್ಟ್ರು ಕೆಂಪು ಗೆರೆ ಎಳೀತಾರೆ. ಅಲ್ಲಿ ತಪ್ಪಿದರೆ ಸಾವಿರ ಜನದ ಮುಂದೆ ಗೆಜ್ಜೆ ಒಂದು ಕಡೆ, ಮೃದಂಗ ಒಂದು ಕಡೆ.

ಇನ್ನೂ ಇದೆ. ಅಡವು ಅಂತ ಇರುತ್ತೆ, ನೃತ್ಯದ ಅಕ್ಷರಮಾಲೆ ಅದು. ಒಂದೇ ಅಡವನ್ನು ಮೂರು ಕಾಲದಲ್ಲಿ ಮಾಡಿಸುತ್ತಾರೆ. ಮೊದಲ ಕಾಲದಲ್ಲಿ ಎಂಟು ಅಕ್ಷರಕ್ಕೆ ಎಂಟು ಪೆಟ್ಟು ಅಂತಿಟ್ಟುಕೊಂಡರೆ ಎರಡನೇ ಕಾಲಕ್ಕೆ ಹದಿನಾರು, ಮೂರನೇ ಕಾಲಕ್ಕೆ ಮೂವತ್ತೆರಡು. ಹತ್ತನೇತ್ತಾ ಓದುವವರೇ, ಇದು ಯಾವ ಶ್ರೇಢಿ? ಗುಣೋತ್ತರ ಶ್ರೇಢಿ. ತಾಳ ಹಿಡಿದ ಕೈ ವೇಗ ಬದಲಿಸಲ್ಲ, ಕಾಲು ಮಾತ್ರ ಇಮ್ಮಡಿ ಆಗುತ್ತಾ ಹೋಗುತ್ತೆ. ಜಾತಿಗಳು ಐದು, ಹೆದರಬೇಡಿ, ಇದು ಜಗಳ ಹಚ್ಚುವ ಜಾತಿ ಅಲ್ಲ, ತಾಳದ ಜಾತಿ. ಮೂರರದ್ದು ತಿಶ್ರ, ನಾಲ್ಕರದ್ದು ಚತುರಶ್ರ, ಐದರದ್ದು ಖಂಡ, ಏಳರದ್ದು ಮಿಶ್ರ, ಒಂಬತ್ತರದ್ದು ಸಂಕೀರ್ಣ. ಏಳು ತಾಳಗಳಿಗೆ ಐದು ಜಾತಿ ಸೇರಿದರೆ 35. ಅದಕ್ಕೆ ಮತ್ತೆ ಐದು ಗತಿ ಸೇರಿದರೆ 175. ಎಂಟರ ತಾಳದ ಮೇಲೆ ಏಳರ ನಡೆ ಇಟ್ಟರೆ ಎರಡೂ ಯಾವಾಗ ಕೂಡುತ್ತವೆ? ಐವತ್ತಾರಕ್ಕೆ. ಲಸಾಅ! "ಲಸಾಅ ಜೀವನದಲ್ಲಿ ಎಲ್ಲಿ ಬರುತ್ತೆ ಸರ್" ಅಂತ ನಾನು ಏಳನೇತ್ತಾ ಇದ್ದಾಗ ಕೇಳಿ ಪೆಟ್ಟು ತಿಂದಿದ್ದೆ. ಉತ್ತರ ಸಿಕ್ಕಿದ್ದು ನಲವತ್ತು ದಾಟಿದ ಮೇಲೆ, ಒಂದು ಭರತನಾಟ್ಯದ ಸಭೆಯಲ್ಲಿ.

ಇಷ್ಟೂ ಹಳೆಯದಾಯಿತು, ಈ ಕಾಲದವರು ಯಾರಿದ್ದಾರೆ ಅಂತೀರಾ? ಮಂಜುಲ್ ಭಾರ್ಗವ ಅಂತ ಒಬ್ಬರಿದ್ದಾರೆ. ಗಣಿತದಲ್ಲಿ ನೊಬೆಲ್ ಇಲ್ಲ, ಅದರ ಸರಿಸಮ ಅಂತ ಎಣಿಸುವುದು ಫೀಲ್ಡ್ಸ್ ಪದಕವನ್ನು. 2014ರಲ್ಲಿ ಆ ಪದಕ ಪಡೆದ ಭಾರತೀಯ ಮೂಲದ ಗಣಿತಜ್ಞ. ಅವರು ತಬಲಾ ನುಡಿಸುತ್ತಾರೆ, ಸುಮ್ಮನೆ ಹವ್ಯಾಸಕ್ಕಲ್ಲ, ಜಾಕಿರ್ ಹುಸೇನರ ಹತ್ತಿರವೂ ಕಲಿತವರು. ಅವರು ಮತ್ತೆ ಮತ್ತೆ ಹೇಳುವ ಒಂದು ಲೆಕ್ಕ ನಿಮ್ಮ ಕನ್ನಡ ಪಾಠದಲ್ಲೇ ಇದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯ ಗಣವನ್ನು ಎಷ್ಟು ಬಗೆಯಲ್ಲಿ ತುಂಬಬಹುದು? ಮೂರು ಲಘು, ಲಘು–ಗುರು, ಗುರು–ಲಘು. ಮೂರು ಬಗೆ. ನಾಲ್ಕು ಮಾತ್ರೆಗೆ ಐದು ಬಗೆ. ಐದಕ್ಕೆ ಎಂಟು. ಆರಕ್ಕೆ ಹದಿಮೂರು. ನೋಡಿದಿರಾ? ಮೂರೂ ಐದೂ ಎಂಟು, ಐದೂ ಎಂಟೂ ಹದಿಮೂರು. ಹಿಂದಿನ ಎರಡು ಕೂಡಿದರೆ ಮುಂದಿನದು. ಜಗತ್ತು ಇದಕ್ಕೆ ಫಿಬೊನಾಚಿ ಸಂಖ್ಯೆಗಳು ಅನ್ನುತ್ತೆ. ಆ ಇಟಲಿಯವನ ಪುಸ್ತಕ 1202ರದ್ದು. ಅದಕ್ಕೂ ಅರ್ಧ ಶತಮಾನ ಮೊದಲೇ ಗುಜರಾತಿನ ಜೈನ ಪಂಡಿತ ಹೇಮಚಂದ್ರ ಛಂದಸ್ಸಿನ ಲೆಕ್ಕದಲ್ಲಿ ಇದನ್ನು ಹೇಳಿದ್ದ. ಕನ್ನಡದ ಮೇಷ್ಟ್ರು ರಗಳೆ ಕಲಿಸುವಾಗ ಉತ್ಸಾಹ ರಗಳೆ ಮೂರು ಮಾತ್ರೆ, ಮಂದಾನಿಲ ನಾಲ್ಕು, ಲಲಿತ ಐದು ಅಂತಾರಲ್ಲ, ನೃತ್ಯದ ಮೇಷ್ಟ್ರು ಅದನ್ನೇ ತಿಶ್ರ, ಚತುರಶ್ರ, ಖಂಡ ಅಂತಾರೆ. ಗಣಿತದ ಮೇಷ್ಟ್ರು 3, 4, 5 ಅಂತಾರೆ. ಮೂರು ಪಿರಿಯಡ್, ಒಂದೇ ಪಾಠ.

ನಮ್ಮ ಕಡೆ ಒಂದು ಮಾತಿದೆ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು. ಈ ಎರಡರ ನೆರೆಯವರು ನೀವು. ಹೊಳೆ ಆಚೆ ವಿಜಯನಗರದಲ್ಲಿ ಸುಮಾರು 1520ರ ಹೊತ್ತಿಗೆ, ಕೃಷ್ಣದೇವರಾಯನ ಕಾಲದಲ್ಲಿ, ಡೊಮಿಂಗೊ ಪಾಯೆಸ್ ಎಂಬ ಪೋರ್ಚುಗೀಸನೊಬ್ಬ ಬಂದಿದ್ದ. ಅರಮನೆಯಲ್ಲಿ ಹೆಣ್ಣುಮಕ್ಕಳಿಗೆ ನೃತ್ಯ ಕಲಿಸುವ ಒಂದು ಶಾಲೆಯನ್ನು ನೋಡಿ ಬರೆದಿಟ್ಟಿದ್ದಾನೆ. ಅಲ್ಲಿ ಚೌಕಟ್ಟು ಚೌಕಟ್ಟಾಗಿ ನರ್ತಕಿಯರ ಕೆತ್ತನೆ. ಪ್ರತಿ ಚೌಕಟ್ಟಿನಲ್ಲಿ ಒಂದೊಂದು ನೃತ್ಯ ಮುಗಿಯುವ ಭಂಗಿ. ಕಲಿಯುವವಳು ಮರೆತರೆ ಕತ್ತೆತ್ತಿ ಆ ಚೌಕಟ್ಟು ನೋಡಿಕೊಳ್ಳಬೇಕು, ಇಲ್ಲಿಗೆ ಬಂದು ನಿಲ್ಲಬೇಕು ಅಂತ ನೆನಪಾಗುತ್ತೆ. ಮೈ ಕೈ ಕಾಲು ಸಡಿಲ ಮಾಡಿಕೊಳ್ಳೋಕೆ ಹಿಡಿದು ಎಳೆದಾಡುವ ಒಂದು ಜಾಗವೂ ಅಲ್ಲಿತ್ತಂತೆ. ಯೋಚನೆ ಮಾಡಿ. ನಿಮ್ಮ ಗಣಿತದ ಕೋಣೆಯ ಗೋಡೆಗೆ ಸೂತ್ರಗಳ ಪಟ್ಟಿ ಅಂಟಿಸಿಲ್ಲವೇ? ಆ ನೃತ್ಯಶಾಲೆಯ ಗೋಡೆ ಮಾಡಿದ್ದೂ ಅದೇ ಕೆಲಸ. ಅಲ್ಲಿ ನೃತ್ಯ ಅಂದರೆ ಪಾಠ ಇತ್ತು, ಅಭ್ಯಾಸ ಇತ್ತು, ತಪ್ಪು ಒಪ್ಪು ಇತ್ತು.

ಇಲ್ಲಿಯ ತನಕ ಸುಲಭದ ಮಾತಾಯಿತು. ಈಗ ಕಷ್ಟದ ಮಾತು. ಟಿವಿಯಲ್ಲಾದರೆ ಈ ಜಾಗದಲ್ಲಿ ಒಂದು ಬ್ರೇಕ್ ತಗೊಂಡು ತಪ್ಪಿಸಿಕೊಳ್ಳಬಹುದಿತ್ತು. ಇಲ್ಲಿ ಆಗಲ್ಲ.

ಹಿಂದೆ ನಿಂತಿರುವ ತಾಯಂದಿರಲ್ಲಿ ಕೆಲವರ ಮುಖ ನೋಡುತ್ತಿದ್ದೇನೆ. 'ಹೆಣ್ಣುಮಗು ಕುಣೀಲಿ' ಅಂದ ತಕ್ಷಣ ಸೆರಗು ಬಾಯಿಗೆ ಬಂತು. ಅದಕ್ಕೆ ಕಾರಣ ಇದೆ, ಆ ಕಾರಣ ನನಗೂ ಗೊತ್ತು. ಹನ್ನೆರಡನೇ ಶತಮಾನದಲ್ಲಿ ಹೊಯ್ಸಳರ ಪಟ್ಟದರಸಿ ಶಾಂತಲೆ ನೃತ್ಯದಲ್ಲಿ ನಿಪುಣೆ ಅಂತ ಶಾಸನಗಳು ಹೊಗಳುತ್ತವೆ. ಅದು ಅರಮನೆಯ ಮಾತು. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ, ಬಾಗಲಕೋಟೆ, ಬೆಳಗಾವಿ ಸೀಮೆಯಲ್ಲಿ ಬಡವರ, ಅದರಲ್ಲೂ ದಲಿತರ ಮನೆಯ ಹೆಣ್ಣುಮಕ್ಕಳಿಗೆ ದೇವರ ಹೆಸರಿನಲ್ಲಿ ಮುತ್ತು ಕಟ್ಟಿ, ಅವರ ಬದುಕನ್ನು ಊರಿನ ಉಳ್ಳವರಿಗೆ ಬಿಟ್ಟುಕೊಟ್ಟ ಇತಿಹಾಸವೂ ಇದೆ. ಅದನ್ನು ನಿಲ್ಲಿಸೋದಕ್ಕೆ 1982ರಲ್ಲಿ ರಾಜ್ಯ ಸರ್ಕಾರ ಕಾಯ್ದೆ ತಂತು. ಕಾಯ್ದೆ ಬಂದ ಮೇಲೂ ಎಷ್ಟೋ ತಾಯಂದಿರು ಕಣ್ಣೀರು ಹಾಕಿದರು. ಇಂಥ ನೆಲದಲ್ಲಿ ಒಬ್ಬ ಅಜ್ಜಿ 'ಕುಣ್ಯಾದು ಬ್ಯಾಡವಾ' ಅಂದರೆ ಅದು ಮೂಢತನ ಅಲ್ಲ. ಅದು ಗಾಯ. ಬೆಂಗಳೂರಿನ ಸಭಾಂಗಣದಲ್ಲಿ ಕೂತು ಅದಕ್ಕೆ ನಗುವ ಹಕ್ಕು ಯಾರಿಗೂ ಇಲ್ಲ.

ನನ್ನ ಮನೆಯದೇ ಹೇಳುತ್ತೇನೆ. ನನ್ನ ಅಕ್ಕ ಏಳನೇತ್ತಾ ಇದ್ದಾಗ ಶಾಲೆಯ ಗ್ಯಾದರಿಂಗಿನಲ್ಲಿ ಕೋಲಾಟ ಆಡಿ, ಆಮೇಲೆ ಒಬ್ಬಳೇ ಒಂದು ಹಾಡಿಗೆ ಕುಣಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮನೆಗೆ ಬಂದ ಮೇಲೆ ಅಜ್ಜಿ ಒಂದು ಮಾತು ಅಂದಳು. ಆ ಮಾತು ಇಲ್ಲಿ ಹೇಳೋಕಾಗಲ್ಲ. ಮರುವರ್ಷದಿಂದ ಅಕ್ಕನ ಕುಣಿತವೂ ನಿಂತಿತು, ಶಾಲೆಯೂ ನಿಂತಿತು. ಲೆಕ್ಕದಲ್ಲಿ ಅವಳು ನನಗಿಂತ ಮುಂದಿದ್ದಳು. ಇವತ್ತು ಊರಿನ ಸ್ತ್ರೀಶಕ್ತಿ ಸಂಘದ ಉಳಿತಾಯ, ಸಾಲ, ಬಡ್ಡಿ ಎಲ್ಲ ಬಾಯಿಲೆಕ್ಕದಲ್ಲಿ ಹೇಳುತ್ತಾಳೆ, ಬರೆದುಕೊಳ್ಳುವವರು ಹಿಂದೆ ಬೀಳುತ್ತಾರೆ. ಲೆಕ್ಕ ಹಾಕುವಾಗ ಅವಳ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಓಡಾಡುತ್ತಾ ಇರುತ್ತೆ, ಪಾದ ನೆಲ ತಟ್ಟುತ್ತಾ ಇರುತ್ತೆ. ನಾನು ಅದನ್ನು ನೋಡಿದಾಗಲೆಲ್ಲ ಅಂದುಕೊಳ್ಳುತ್ತೇನೆ, ನಮ್ಮ ಮನೆ ಅವಳಿಗೆ ಎರಡರಲ್ಲಿ ಒಂದು ಆರಿಸಿಕೋ ಅಂತ ಕೂಡ ಹೇಳಲಿಲ್ಲ. ಎರಡನ್ನೂ ಕಿತ್ತುಕೊಂಡಿತು.

ಅಣ್ಣ, ಗಾಯಕ್ಕೆ ಮದ್ದು ಹಚ್ಚಬೇಕು, ಕೈಯನ್ನೇ ಕಡಿಯಬಾರದು. ಹೆಣ್ಣುಮಕ್ಕಳನ್ನು ಹಾಳು ಮಾಡಿದ್ದು ಕುಣಿತ ಅಲ್ಲ. ಬಡತನ, ಜಾತಿ ಮತ್ತು ಉಳ್ಳವರ ಧಿಮಾಕು. ಅವತ್ತಿನ ಆ ಹೆಣ್ಣುಮಗಳ ಕೈಯಲ್ಲಿ ಓದು ಇರಲಿಲ್ಲ, ಸಂಬಳ ಇರಲಿಲ್ಲ, 'ಆಗಲ್ಲ' ಅನ್ನುವ ಶಕ್ತಿ ಇರಲಿಲ್ಲ. ನಿಮ್ಮ ಮಗಳ ಕೈಯಲ್ಲಿ ಗಣಿತ ಇದೆ. ನಾಳೆ ಅವಳು ಬಿ.ಎಸ್ಸಿ ಮಾಡಬಹುದು, ಬಿ.ಎಡ್ ಮಾಡಿ ಇದೇ ಶಾಲೆಗೆ ಗಣಿತದ ಟೀಚರ್ ಆಗಿ ಬರಬಹುದು, ಇಂಜಿನಿಯರ್ ಆಗಬಹುದು. ಸ್ವಂತ ಸಂಬಳ ಇರುವ ಹೆಣ್ಣುಮಗಳು ಗೆಜ್ಜೆ ಕಟ್ಟಿದರೆ ಅದು ಅವಳ ಇಷ್ಟದ ಗೆಜ್ಜೆ. ಲೆಕ್ಕ ಅವಳ ಕುಣಿತಕ್ಕೆ ಕಾವಲು. ಅದಕ್ಕೇ ಹೇಳ್ತಿದೀನಿ, ಎರಡನ್ನೂ ಜೊತೆಗೇ ಬಿಡಿ ಅಂತ.

ಇಬ್ಬಗೆಯ ಬದುಕು ನಡೆಯುತ್ತಾ? ನಡೆಸಿ ತೋರಿಸಿದವರು ನಮ್ಮ ರಾಜ್ಯದಲ್ಲೇ ಇದ್ದರು. ಪ್ರೊ. ಯು.ಎಸ್. ಕೃಷ್ಣರಾವ್. ಗಣಿತ ಅಲ್ಲ, ರಸಾಯನಶಾಸ್ತ್ರ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಧ್ಯಾಪಕರು. ಅದೇ ಮನುಷ್ಯ ಪತ್ನಿ ಚಂದ್ರಭಾಗಾದೇವಿ ಜೊತೆ ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರಂಥ ದೊಡ್ಡ ಗುರುವಿನ ಹತ್ತಿರ ಭರತನಾಟ್ಯ ಕಲಿತು, ಇಬ್ಬರೂ ಜೊತೆಯಾಗಿ ದೇಶ ಸುತ್ತಿ ಕುಣಿದರು. ಕಾಲೇಜಿನ ಪ್ರಾಧ್ಯಾಪಕ, ಅದೂ ಗಂಡಸು, ಗೆಜ್ಜೆ ಕಟ್ಟೋದು ಆಗಿನ ಕಾಲಕ್ಕೆ ಸಣ್ಣ ಮಾತಲ್ಲ. ಒಂದನ್ನು ಬಿಟ್ಟು ಇನ್ನೊಂದನ್ನು ಮಾಡಲಿಲ್ಲ. ಕೊನೆಗೆ ಭರತನಾಟ್ಯದ ಪದಗಳಿಗೆ ಒಂದು ನಿಘಂಟನ್ನೇ ಬರೆದರು. ಪ್ರಯೋಗಶಾಲೆಯಲ್ಲಿ ಸೀಸೆ ಸೀಸೆಗೂ ಚೀಟಿ ಅಂಟಿಸುವವನ ಶಿಸ್ತು ಅದು. ಒಂದು ವಿದ್ಯೆ ಇನ್ನೊಂದಕ್ಕೆ ಹೀಗೆ ಕೆಲಸಕ್ಕೆ ಬರುತ್ತೆ.

ಆದರೆ ನಾನು ಸುಳ್ಳು ಆಸೆ ಹುಟ್ಟಿಸಲ್ಲ. ಕುಣಿದರೆ ಗಣಿತದಲ್ಲಿ ನೂರಕ್ಕೆ ನೂರು ಬರುತ್ತೆ ಅಂತ ನಾನು ಹೇಳಲ್ಲ. ಹಾಗೆ ಹೇಳುವವರು ಯಾವುದೋ ಟ್ಯೂಷನ್ ಮಾರುತ್ತಿರುತ್ತಾರೆ. ಎರಡನ್ನೂ ಮಾಡೋದು ಅಂದರೆ ಎರಡರಷ್ಟು ದುಡಿಮೆ. ಬೆಳಗ್ಗೆ ಐದಕ್ಕೆ ಏಳಬೇಕು. ಮದುವೆ ಮನೆ, ಜಾತ್ರೆ, ಧಾರಾವಾಹಿ ಕೆಲವನ್ನು ಬಿಡಬೇಕು. ಇನ್ನೊಂದು ಸತ್ಯ: ದುಡ್ಡು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದ ಹೆಣ್ಣುಮಗಳು ರಂಗಪ್ರವೇಶ ಮಾಡಿದಳು ಅಂತ ಆಹ್ವಾನ ಪತ್ರಿಕೆ ನನಗೆ ವಾರಕ್ಕೆರಡು ಬರುತ್ತವೆ. ಲಕ್ಷಗಟ್ಟಲೆ ಖರ್ಚಿನ ವ್ಯವಹಾರ ಅದು. ಇಲ್ಲಿ ಶಾಸ್ತ್ರೀಯ ನೃತ್ಯ ಕಲಿಸುವವರು ಬೇಕೆಂದರೆ ಬಸ್ ಹತ್ತಬೇಕು. ಹೆಣ್ಣುಮಗಳು ಸಂಜೆ ಬಸ್ಸಿನಲ್ಲಿ ಒಬ್ಬಳೇ ವಾಪಸ್ ಬರಬೇಕು ಅಂದರೆ ಮನೆಯಲ್ಲಿ ಯಾರ ಎದೆ ಹೊಡೆದುಕೊಳ್ಳಲ್ಲ? ಜಾಣತನ ಹಂಚುವಾಗ ದೇವರು ಊರು ನೋಡಲ್ಲ. ಅವಕಾಶ ಹಂಚುವಾಗ ನಾವು ನೋಡುತ್ತೇವೆ. ನಿನ್ನೆ ಮೊನ್ನೆ ತನಕ ಗಂಗಾವತಿ ತಾಲೂಕು, ಈಗ ಕನಕಗಿರಿ ತಾಲೂಕು ಅಂತ ಬೋರ್ಡು ಬದಲಾಗಿದೆ. ಬೋರ್ಡಿನ ಜೊತೆ ಇದೂ ಬದಲಾಗಬೇಕು.

ಹಾಗಾದರೆ ಏನು ಮಾಡಬೇಕು? ದೊಡ್ಡ ದೊಡ್ಡ ಬೇಡಿಕೆ ಇಡಲ್ಲ, ನಾಳೆಯಿಂದಲೇ ಆಗುವ ಮೂರು ಮಾತು ಹೇಳ್ತೀನಿ.

ಗಣಿತದ ಮೇಷ್ಟ್ರೇ, ವಾರಕ್ಕೊಂದು ಪಿರಿಯಡ್, ಹೋಗಲಿ ತಿಂಗಳಿಗೊಂದು ಪಿರಿಯಡ್, ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ. ಭಿನ್ನರಾಶಿ, ಲಸಾಅ, ಶ್ರೇಢಿ ಇವನ್ನು ಚಪ್ಪಾಳೆಯಲ್ಲಿ, ಹೆಜ್ಜೆಯಲ್ಲಿ ಮಾಡಿಸಿ. ಭರತನಾಟ್ಯವೇ ಬೇಕಿಲ್ಲ. ಹಲಗೆ ಇದೆ, ಡೊಳ್ಳು ಇದೆ, ಕೋಲಾಟ ಇದೆ. ಮೊಹರಂ ಹೆಜ್ಜೆ ಬಲ್ಲ ಹಿರಿಯರು ಈ ಊರಲ್ಲೇ ಇದ್ದಾರೆ. ಅವರನ್ನು ಒಂದು ದಿನ ಕರೆಸಿ, ಎಷ್ಟಕ್ಕೆ ತಿರುಗುತ್ತಾರೆ, ಎಷ್ಟಕ್ಕೆ ಕೂಡುತ್ತಾರೆ ಅಂತ ಮಕ್ಕಳು ಎಣಿಸಲಿ. ಎಲ್ಲ ಮನೆಯ ಮಕ್ಕಳೂ ಒಟ್ಟಿಗೆ ಎಣಿಸಲಿ. ಈ ಊರಿಗೆ ಅದು ಗಣಿತಕ್ಕಿಂತ ಹೆಚ್ಚಿನ ಕೆಲಸ ಮಾಡುತ್ತೆ.

ಮಗಳೇ, ನೀನು ಎಲ್ಲಿ ಕೂತಿದ್ದೀಯೋ ಗೊತ್ತಿಲ್ಲ, ನಿನ್ನ ಹೆಸರು ನಾನು ಕೇಳಲೂ ಇಲ್ಲ, ಕೇಳಿದ್ದರೂ ಇಲ್ಲಿ ಹೇಳುತ್ತಿರಲಿಲ್ಲ. ನಿನಗೊಂದು ಎಚ್ಚರಿಕೆ. ಮೊಬೈಲ್ ನೋಡಿ ಅಭಿನಯ ಕಲಿ, ತಾಳ ಕಲಿ, ಕಣ್ಣು ಕಲಿ. ಅರೆಮಂಡಿ ಮಾತ್ರ ಗುರು ಇಲ್ಲದೆ ಗಂಟೆಗಟ್ಟಲೆ ಮಾಡಬೇಡ. ಮಂಡಿ ಪಾದದ ಬೆರಳಿನ ದಿಕ್ಕಿಗೇ ಬಿಚ್ಚಿಕೊಳ್ಳಬೇಕು, ಒಳಕ್ಕೆ ವಾಲಿದರೆ ಕೀಲಿಗೆ ಪೆಟ್ಟು. ರಜೆಯಲ್ಲಿ ಒಂದು ತಿಂಗಳಾದರೂ ಗುರುವಿನ ಮುಂದೆ ನಿಲ್ಲು. ಜೂನಿಯರ್, ಸೀನಿಯರ್, ವಿದ್ವತ್ ಅಂತ ಸರ್ಕಾರದ ಪರೀಕ್ಷೆಗಳಿವೆ, ಗುರಿ ಇಟ್ಟುಕೋ. ಆದರೆ ಹತ್ತನೇ ತರಗತಿಯ ಗಣಿತ ಬಿಟ್ಟು ಗೆಜ್ಜೆ ಕಟ್ಟಬೇಡ. ಗೆಜ್ಜೆ ಬಿಟ್ಟು ಬರೀ ಅಂಕಪಟ್ಟಿಯನ್ನೂ ಹಿಡಿಯಬೇಡ.

ಅಣ್ಣ, ಕೊನೆಗೆ ನೀವು ಕೇಳಿದ ತೀರ್ಮಾನ. ಭರತನಾಟ್ಯದ ಕ್ರಮದ ಹಾಗೆ ಮೂರು ಸಲ ಹೇಳುತ್ತೇನೆ. ಲೆಕ್ಕವೂ ಇರಲಿ, ಕುಣಿತವೂ ಇರಲಿ. ಲೆಕ್ಕವೂ ಇರಲಿ, ಕುಣಿತವೂ ಇರಲಿ. ಲೆಕ್ಕವೂ ಇರಲಿ, ಕುಣಿತವೂ ಇರಲಿ. ಹದಿನೆಂಟು ತುಂಬುವ ತನಕ ಮದುವೆ ಮಾತು ಬೇಡ, ಅದು ಕಾನೂನು. ಡಿಗ್ರಿ ಮುಗಿಯುವ ತನಕವೂ ಬೇಡ, ಅದು ನನ್ನ ಬೇಡಿಕೆ. ಮುಂದಿನ ವರ್ಷ ಈ ಗ್ಯಾದರಿಂಗಿಗೆ ಕರೆಯದಿದ್ದರೂ ಬರುತ್ತೇನೆ, ಕ್ಯಾಮೆರಾ ತಂದೇ ಬರುತ್ತೇನೆ. ಈ ಊರಿನ ಹೆಸರನ್ನು ನಾನು ಇನ್ನೊಂದು ಸಲ, ಬೇರೆ ಕಾರಣಕ್ಕೆ ಹೇಳಬೇಕಾಗಿದೆ.

ಮಾತು ಮುಗಿಯಿತು. ಚಪ್ಪಾಳೆ ತಟ್ಟೋಕೆ ಕೈ ಎತ್ತಿದ್ದೀರಿ, ತಡೀರಿ. ಸುಮ್ಮನೆ ಬೇಡ, ಲೆಕ್ಕದ ಚಪ್ಪಾಳೆ ಬೇಕು. ನಾಲ್ಕು ತಟ್ಟಿ, ಎರಡು ಬಿಡಿ. ನಾಲ್ಕು ತಟ್ಟಿ, ಎರಡು ಬಿಡಿ. ನಾಲ್ಕು ತಟ್ಟಿ, ಆಮೇಲೆ ಎಲ್ಲರೂ ಸೇರಿ ಒಂದೇ ಒಂದು. ಹಿಂದೆ ನಿಂತಿರುವ ತಾಯಂದಿರೂ ಕೈ ಎತ್ತಬೇಕು. ಎಲ್ಲಿ, ತಯಾರಾ? ತಕಧಿಮಿ...